ಒಂದು ನಿಲ್ದಾಣದಾಚೆ

ಲಂಡನ್ನಿನ ಪೂರ್ವಕ್ಕೆ ಸಾಗುವ ಡಿಸ್ಟ್ರಿಕ್ಟ್ ಲೈನ್ ರೈಲಿನಲ್ಲಿ ಈಸ್ಟ್ ಹ್ಯಾಮ್ ಆದಮೇಲೆ ಸಿಗುವ ನಿಲ್ದಾಣ ಬಾರ್ಕಿಂಗ್. ನಡುವೆ ರೋಡಿಂಗ್ ಎಂಬ ಸಣ್ಣ ಹೊಳೆ. ಈಚೆ ದಡದ ಆಡಳಿತ ವಿಭಾಗ ನ್ಯೂಹ್ಯಾಮ್, ಆಚೆ ದಡದ್ದು ಬಾರ್ಕಿಂಗ್ ಮತ್ತು ಡಾಗೆನ್‌ಹ್ಯಾಮ್. 2016ರಲ್ಲಿ ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೋ ಬೇಡವೋ ಎಂದು ಜನರನ್ನು ಕೇಳಿದಾಗ ವಲಸೆ ದೊಡ್ಡ ಚರ್ಚೆಯಾಗಿತ್ತು. ನ್ಯೂಹ್ಯಾಮಿನಲ್ಲಿ ಶೇ. 52.8 ಮಂದಿ ಉಳಿಯೋಣ ಎಂದರು. ಹೊಳೆಯಾಚೆ ಶೇ. 62.4 ಮಂದಿ ಹೊರಬರೋಣ ಎಂದರು.

ಹೊರನಾಡಿನಿಂದ ಬಂದವರು ಹೆಚ್ಚಿದ್ದದ್ದು ನ್ಯೂಹ್ಯಾಮಿನಲ್ಲೇ. ಬಡತನವೂ ಅಲ್ಲಿ ಕಡಿಮೆಯಿರಲಿಲ್ಲ. ಹಾಗಿದ್ದೂ ವಲಸೆಯ ಬಗೆಗಿನ ಕಳವಳ ಆಚೆ ದಡದಲ್ಲೇ ಏಕೆ ಹೆಚ್ಚಿತು?

ನ್ಯೂಹ್ಯಾಮ್ ಹಡಗುಕಟ್ಟೆಗಳ ನೆಲ. ಹೊಸಬರು ಬರುವುದು, ಅಂಗಡಿ ಇಡುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು ಅಲ್ಲಿ ತಲೆಮಾರುಗಳ ರೂಢಿ. ಆಚೆ ದಡದಲ್ಲಿ ಬದಲಾವಣೆ ಮಳೆಗಾಲದ ನೆರೆಯಂತೆ ಒಮ್ಮೆಗೇ ಬಂತು. 2001ರಲ್ಲಿ ಶೇ. 81ರಷ್ಟಿದ್ದ ಬಿಳಿಯ ಬ್ರಿಟಿಷರು 2011ರ ಗಣತಿಯಲ್ಲಿ ಅರ್ಧಕ್ಕಿಂತ ತುಸು ಕಡಿಮೆಯಾಗಿದ್ದರು. ಇದರ ನಡುವೆ, 2002ರಲ್ಲಿ, ಡಾಗೆನ್‌ಹ್ಯಾಮಿನ ಫೋರ್ಡ್ ಕಾರ್ಖಾನೆ ಕಾರು ಜೋಡಿಸುವುದನ್ನು ನಿಲ್ಲಿಸಿತು. ಅಪ್ಪ ದುಡಿದ ಕಡೆ ಮಗನಿಗೆ ಕೆಲಸವಿಲ್ಲ. ಸರ್ಕಾರಿ ಬಾಡಿಗೆಮನೆಗಳನ್ನು ವಾಸವಿದ್ದವರೇ ಕೊಳ್ಳಬಹುದೆಂದು 1980ರಲ್ಲಿ ಕಾನೂನಾಗಿತ್ತು. ಮಾರಾಟವಾದಷ್ಟು ಮನೆಗಳನ್ನು ಮತ್ತೆ ಕಟ್ಟಲಿಲ್ಲ. ಹಾಗಾಗಿ ಅಮ್ಮನ ಬೀದಿಯಲ್ಲಿ ಮಗಳಿಗೆ ಮನೆಯಿಲ್ಲ.

ಆ ನೋವು ಸುಳ್ಳಲ್ಲ. ಆದರೆ ಕಾನೂನಿಗೆ ಮುಖವಿಲ್ಲ, ಮುಚ್ಚಿದ ಗೇಟಿಗೂ ಮುಖವಿಲ್ಲ. ಪಕ್ಕದ ಮನೆಗೆ ಹೊಸದಾಗಿ ಬಂದವನಿಗೆ ಮುಖವಿದೆ. ‘ಏಕೆ ಹೋಯಿತು’ ಎಂದು ಕೇಳಬೇಕಾದ ಮನಸ್ಸು ‘ಯಾರಿಂದ ಹೋಯಿತು’ ಎಂದು ಕೇಳತೊಡಗಿದಾಗ ಕಣ್ಣು ಆ ಮುಖದ ಮೇಲೇ ನಿಲ್ಲುತ್ತದೆ.

ಡಾಗೆನ್‌ಹ್ಯಾಮಿನ ಸಾಲುಮನೆಗಳಿಗೂ ಒಂದು ನೆನಪಿದೆ. ಅಲ್ಲಿನ ಬೆಕನ್‌ಟ್ರೀ ಬಡಾವಣೆಯ ಸುಮಾರು 26,000 ಮನೆಗಳನ್ನು 1921ರಿಂದ 1935ರವರೆಗೆ ಹೊಲ, ತೋಟಗಳ ಮೇಲೆ ಕಟ್ಟಿದ್ದು, ಲಂಡನ್ನಿನ ಇಕ್ಕಟ್ಟಾದ ಕೇರಿಗಳಿಂದ ಬಂದ ಕುಟುಂಬಗಳಿಗಾಗಿ. ‘ನಮ್ಮೂರು’ ಎನ್ನುವವರ ಅಜ್ಜ ಅಜ್ಜಿಯರೂ ಒಂದು ಬೆಳಿಗ್ಗೆ ಗಂಟುಮೂಟೆ ಇಳಿಸಿ, ಅಪರಿಚಿತ ಬಾಗಿಲ ಬೀಗ ತೆಗೆದವರೇ.

ಇಂದು ನಮ್ಮ ಬೀದಿಯಲ್ಲೂ ಹೊಸ ಮುಖ ಕಂಡು ಮನಸ್ಸು ಮುದುಡಿದರೆ, ಒಂದು ಗಳಿಗೆ ನಿಲ್ಲೋಣ. ನಾವು ಕಳೆದುಕೊಂಡದ್ದೇನು, ಅದು ಹೋದದ್ದು ಯಾವ ದಾರಿಯಲ್ಲಿ ಎಂದು ಕೇಳಿಕೊಳ್ಳೋಣ. ಆಮೇಲೆ ಎದುರಿಗೆ ನಿಂತವನ ಕೈಗಳನ್ನು ನೋಡೋಣ. ಅವು ನಮ್ಮ ಕೈಗಳಷ್ಟೇ ಬರಿದಾಗಿರಬಹುದು.