ಸೋಲು ಪ್ರಾಯಶ್ಚಿತ್ತವಲ್ಲ

1977ರ ಮಾರ್ಚ್ ತಿಂಗಳ ಲೋಕಸಭಾ ಚುನಾವಣೆಯಲ್ಲಿ ಮುಂಬಯಿಯ ಆರಕ್ಕೆ ಆರೂ ಕ್ಷೇತ್ರಗಳು ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿನ ಕೈಬಿಟ್ಟವು. ಅದೇ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ 26 ಅದೇ ಪಕ್ಷದ ಪಾಲಾದವು. ಸಯನ್, ಮಾಟುಂಗಾ, ಚೆಂಬೂರುಗಳಲ್ಲಿ ನೆಲೆಸಿದ್ದ ಕನ್ನಡಿಗರಿಗೆ ಈ ಎರಡೂ ತೀರ್ಪುಗಳು ಸ್ವಂತದವೇ ಆಗಿದ್ದವು. ತಾವು ಮತ ಹಾಕುವ ಊರು ಇದು, ಅಣ್ಣತಮ್ಮಂದಿರು ಮತ ಹಾಕುವ ಊರು ಅದು. ಒಂದೇ ಮನೆತನ, ಒಬ್ಬರೇ ನಾಯಕಿ, ಎರಡು ತೀರ್ಪು. ಮುಂಬಯಿಗೆ ರಾಜಕೀಯ ಪ್ರಜ್ಞೆ ಹೆಚ್ಚು, ಊರಿನವರು ಮುಗ್ಧರು ಎಂದು ಆಗ ಕೆಲವರು ವಿವರಿಸಿಕೊಂಡರು. ಆ ವಿವರಣೆ ಅನ್ಯಾಯದ್ದು. ಎರಡೂ ಕಡೆಯವರು ತಾವು ಕಂಡುಂಡದ್ದನ್ನೇ ಮತಪೆಟ್ಟಿಗೆಗೆ ಹಾಕಿದ್ದರು. ಅಧಿಕಾರದಿಂದ ಇಳಿದು ಹೋಗುವ ನಾಯಕರನ್ನು ಅಳೆಯುವುದು ಹೇಗೆ, ಅವರು ತಪ್ಪೊಪ್ಪಿಕೊಳ್ಳದಿದ್ದರೆ ಆ ಅಳತೆಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ನಾನು ಈ ಎರಡು ತೀರ್ಪುಗಳ ನಡುವೆ ನಿಂತೇ ಕೇಳಬೇಕೆಂದಿದ್ದೇನೆ.

ಊರಿನ ಕಡೆಯಿಂದ ನೋಡೋಣ. ದೇವರಾಜ ಅರಸು ಅವರ ಕಾಂಗ್ರೆಸ್ ಸರಕಾರ ತಂದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿಯೆಲ್ಲ ಸರಕಾರದ ವಶಕ್ಕೆ ಹೋಗಿ, ಉಳುವವನು ಡಿಕ್ಲರೇಷನ್ ಕೊಟ್ಟು ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವ ದಾರಿ ತೆರೆಯಿತು. ಆಗಿನ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಈ ಕಾಯಿದೆ ಮಾಡಿದ ಬದಲಾವಣೆಯನ್ನು ಧಣಿಗಳ ಮನೆಯವರೂ ಒಕ್ಕಲುಗಳ ಮನೆಯವರೂ ಇಂದಿಗೂ ಮರೆತಿಲ್ಲ. ತಲೆಮಾರುಗಳಿಂದ ಧಣಿಯ ಅಂಗಳಕ್ಕೆ ಗೇಣಿಯ ಮುಡಿಗಳನ್ನು ಹೊತ್ತು ಹಾಕಿದವನು ಅದೇ ಗದ್ದೆಯ ಒಡೆಯನಾದ. ಈಗ ಸಯನ್‌ನಿಂದ ಹೊರಟು ಚೆಂಬೂರು, ಮಾನಖುರ್ದ್ ದಾಟಿ ಹೋಗುವ ಟ್ರಾಂಬೆ ರಸ್ತೆಯ ಕೊನೆಗೆ ಬನ್ನಿ. ಭಾಭಾ ಅಣುಶಕ್ತಿ ಕೇಂದ್ರದ ಪಕ್ಕದಲ್ಲಿ ಜನತಾ ಕಾಲೊನಿ ಎಂಬ ದೊಡ್ಡ ವಸತಿಯಿತ್ತು. ನಗರಪಾಲಿಕೆಯೇ ಹಿಂದೆ ಪೇಟೆಯ ಒಳಭಾಗದಿಂದ ಎಬ್ಬಿಸಿ ತಂದು ಅಲ್ಲಿ ಕೂರಿಸಿದ್ದ ಬಡವರು ಕಟ್ಟಿಕೊಂಡ ಊರು ಅದು. ಅವರ ಮುಂದಾಳು ಜೋಕಿನ್ ಅರ್ಪುತಂ ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದವರು. ಕಾಲೊನಿ ಉಳಿಸಿಕೊಡಿ ಎಂದು ದಿಲ್ಲಿಗೆ ಹೋಗಿ ಸಂಸತ್ತಿನೆದುರು ಕುಳಿತದ್ದನ್ನೂ, ಪ್ರಧಾನಿಯವರನ್ನೇ ಕಂಡು ಭರವಸೆ ಪಡೆದು ಬಂದದ್ದನ್ನೂ ಅವರು ಮುಂದೆ ಹೇಳಿಕೊಂಡಿದ್ದಾರೆ. 1976ರ ಮೇ 17ರಂದು, ತುರ್ತು ಪರಿಸ್ಥಿತಿಯ ನಡುವೆ, ಪೊಲೀಸ್ ಕಾವಲಿನಲ್ಲಿ ಕಾಲೊನಿ ಒಡೆಯುವ ಕೆಲಸ ಶುರುವಾಯಿತು. ಸುಮಾರು 70 ಸಾವಿರ ಜನರನ್ನು ಚೀತಾ ಕ್ಯಾಂಪಿನ ಜೌಗು ನೆಲಕ್ಕೆ ಸಾಗಿಸಲಾಯಿತು. ದೂರು ಕೊಡಲು ಪತ್ರಿಕೆಯಿರಲಿಲ್ಲ, ಮೆರವಣಿಗೆಗೆ ಅನುಮತಿಯಿರಲಿಲ್ಲ.

ಸಾಮಾನ್ಯವಾಗಿ ನಾವು ಮಾಡುವುದೇನು? ನಾಯಕರು ಕುರ್ಚಿ ಬಿಡುವ ಹೊತ್ತಿಗೆ ಒಂದು ಖಾತೆ ಪುಸ್ತಕ ತೆರೆದು, ಜಮೆ ಒಂದು ಕಡೆ, ಖರ್ಚು ಇನ್ನೊಂದು ಕಡೆ ಬರೆದು, ಕಳೆದು, ಉಳಿದದ್ದನ್ನು ಅವರ ಬೆಲೆ ಎನ್ನುತ್ತೇವೆ. ಬಾಂಗ್ಲಾ ಯುದ್ಧದ ಗೆಲುವು, ಬ್ಯಾಂಕ್ ರಾಷ್ಟ್ರೀಕರಣ ಈ ಕಡೆ. ತುರ್ತು ಪರಿಸ್ಥಿತಿ ಆ ಕಡೆ. ಆದರೆ ಪುತ್ತೂರಿನ ಒಕ್ಕಲಿಗೆ ಸಿಕ್ಕ ಗದ್ದೆಯಲ್ಲಿ ಟ್ರಾಂಬೆಯಲ್ಲಿ ಮನೆ ಕಳೆದುಕೊಂಡವಳ ಪಾಲು ಯಾವುದು? ಅವಳ ನಷ್ಟವನ್ನು ಅವನ ಲಾಭದಿಂದ ಕಳೆಯುವ ಹಕ್ಕನ್ನು ನಮಗೆ ಕೊಟ್ಟವರು ಯಾರು? ಬೆಂಗಳೂರಿನಲ್ಲೇ ಇನ್ನೂ ಹರಿತವಾದ ಉದಾಹರಣೆಯಿದೆ. 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿಟ್ಟರು. ಅವರಿಗೆ ತೀವ್ರವಾದ ಆಸ್ತಮಾ. ತಿಂಗಳುಗಟ್ಟಲೆ ಸರಿಯಾದ ಚಿಕಿತ್ಸೆಯಿಲ್ಲದೆ ಬಳಲಿ, 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದು, ಜನವರಿ 20ರಂದು ತೀರಿಕೊಂಡರು. ಆ ಜೈಲನ್ನು ನಡೆಸುತ್ತಿದ್ದುದು ಒಕ್ಕಲುಗಳಿಗೆ ಭೂಮಿ ಕೊಟ್ಟ ಅದೇ ಅರಸು ಸರಕಾರ. ಒಂದೇ ಸರಕಾರ, ಒಂದೇ ಅವಧಿ. ಭೂಸುಧಾರಣೆಯನ್ನು ಮನಸಾರೆ ಮೆಚ್ಚುವವನು ನಾನು. ಆದರೂ ಎಷ್ಟು ಎಕರೆ ಹಂಚಿದರೆ ಆ ಒಂದು ಸಾವು ಸರಿದೂಗುತ್ತದೆ ಎಂದು ಕೇಳಿದರೆ, ಆ ಪ್ರಶ್ನೆಯೇ ಅಸಹ್ಯ ಎನಿಸುತ್ತದೆ. ಆ ಅಸಹ್ಯದಲ್ಲಿ ಒಂದು ಸತ್ಯವಿದೆ.

ನಮ್ಮ ಧರ್ಮಚಿಂತನೆ ಈ ಸತ್ಯವನ್ನು ಬಹಳ ಹಿಂದೆಯೇ ಗುರುತಿಸಿತ್ತು. ಪುಣ್ಯ ಮಾಡಿ ಪಾಪ ಕಳೆಯಬಹುದೆಂಬುದು ಜನಸಾಮಾನ್ಯರ ನಂಬಿಕೆ ಇರಬಹುದು. ಕರ್ಮಸಿದ್ಧಾಂತದ ಮುಖ್ಯ ಧಾರೆ ಹೇಳುವುದು ಅದನ್ನಲ್ಲ: ಎರಡರ ಫಲವನ್ನೂ ಬೇರೆ ಬೇರೆಯಾಗಿಯೇ ಉಣ್ಣಬೇಕು. ಮಹಾಭಾರತದ ಕೊನೆಯ ಪರ್ವ ಇದನ್ನು ಯಾವ ಮುಲಾಜೂ ಇಲ್ಲದೆ ತೋರಿಸುತ್ತದೆ. ಧರ್ಮರಾಯನಷ್ಟು ಜಮೆ ಇದ್ದವರು ಆ ಕಥೆಯಲ್ಲಿ ಇನ್ಯಾರಿದ್ದಾರೆ? ಆದರೂ ಅಶ್ವತ್ಥಾಮನ ಹೆಸರಿನಲ್ಲಿ ದ್ರೋಣರಿಗೆ ಆಡಿದ ಅರೆಸುಳ್ಳಿಗಾಗಿ ಅವನು ನರಕವನ್ನು ಕಣ್ಣಾರೆ ಕಾಣಬೇಕಾಯಿತು. ರಾಜಸೂಯ, ವನವಾಸ, ಕ್ಷಮೆ, ದಾನ ಯಾವುದೂ ಅದಕ್ಕೆ ವಜಾ ಆಗಲಿಲ್ಲ. ಅವನು ಆ ಸುಳ್ಳನ್ನು ಆಡಿದ್ದು ಸ್ವಾರ್ಥಕ್ಕಲ್ಲ, ತನ್ನ ಪಕ್ಷದ ಉಳಿವಿಗೆ, ಅದೂ ಕೃಷ್ಣನ ಮಾತಿನ ಮೇರೆಗೆ. ಉದ್ದೇಶ ಒಳ್ಳೆಯದಿತ್ತು, ಮೇಲಿನವರ ಒಪ್ಪಿಗೆಯಿತ್ತು ಎಂಬ ಎರಡು ಸಮರ್ಥನೆಗಳೂ ಅಲ್ಲಿ ನಿಲ್ಲಲಿಲ್ಲ. ಹಾಗಾದರೆ ಪಾಪಕ್ಕೆ ದಾರಿಯೇ ಇಲ್ಲವೇ? ಇದೆ, ಪ್ರಾಯಶ್ಚಿತ್ತ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯ ಪಾಪದಿಂದ ಬಿಡುಗಡೆಯ ಮಾರ್ಗಗಳನ್ನು ಹೇಳುವಾಗ ಪಶ್ಚಾತ್ತಾಪಕ್ಕೂ ತಪಸ್ಸಿಗೂ ಮೊದಲು ಇಡುವುದು ಮಾಡಿದ್ದನ್ನು ಬಾಯಿಬಿಟ್ಟು ಸಾರುವುದನ್ನು. ಜೈನರ ಪ್ರತಿಕ್ರಮಣದಲ್ಲಿ ಗುರುವಿನೆದುರು 'ಆಲೋಚನಾ' ಎಂಬ ದೋಷನಿವೇದನೆ, ಬೌದ್ಧ ಭಿಕ್ಷುಗಳ ಉಪೋಸಥದಲ್ಲಿ ಸಂಘದೆದುರು ನಿವೇದನೆ, ಕ್ರೈಸ್ತರಲ್ಲಿ ಪಾಪನಿವೇದನೆ, ಎಲ್ಲದರ ಮೊದಲ ಮೆಟ್ಟಿಲು ಅದೇ. ಸಯನ್‌ನ ಗೋಕುಲದಂಥ ಕಡೆ ಸೇರುವ ಕರಾವಳಿಯ ಬ್ರಾಹ್ಮಣರಿಗೆ ಸಂಧ್ಯಾವಂದನೆ ಗೊತ್ತು. ಬೆಳಗಿನ ಮಂತ್ರಾಚಮನದಲ್ಲಿ ರಾತ್ರಿ ಮಾಡಿದ ಪಾಪವನ್ನು ಮನಸ್ಸು, ಮಾತು, ಕೈ, ಕಾಲು, ಹೊಟ್ಟೆ ಎಂದು ಒಂದೊಂದಾಗಿ ಹೆಸರಿಸಿ, ಮಾಡಿದವನು ನಾನು ಎಂದು ಹೇಳಿ ನೀರು ಕುಡಿಯುತ್ತಾರೆ. ಪಾಪಗಳು ನಡೆದಿರಬಹುದು ಎಂದು ಅಲ್ಲಿ ಯಾರೂ ಹೇಳುವುದಿಲ್ಲ.

ಇಂದಿರಾ ಗಾಂಧಿಯವರು ಏನೂ ಹೇಳಲೇ ಇಲ್ಲ ಎನ್ನುವುದು ಸರಿಯಲ್ಲ. 1978ರ ಜನವರಿ 24ರಂದು ಯವತ್ಮಾಳದ ಸಭೆಯಲ್ಲಿ ತುರ್ತು ಪರಿಸ್ಥಿತಿಯ ಅತಿರೇಕಗಳ ಹೊಣೆ ತಮ್ಮದೆಂದರು. ಅವರ ಪರವಾಗಿ ವಾದಿಸುವವರು ಈ ಭಾಷಣವನ್ನು ಮುಂದಿಡುತ್ತಾರೆ, ಇಡಬೇಕಾದದ್ದೇ. ಆದರೆ ಅದರ ಧಾಟಿಯನ್ನು ಗಮನಿಸಿ: ತಪ್ಪು ಮಾಡಿದವರು ಬೇರೆಯವರು, ಅವರು ಹೊಣೆ ಹೊರಲು ಸಿದ್ಧರಿಲ್ಲ, ಆದ್ದರಿಂದ ನಾನು ಹೊರುತ್ತೇನೆ ಎಂಬಂತೆ ಅದು ಬಂತು. ಒಪ್ಪಿಗೆಯ ಜಾಗದಲ್ಲಿ ಅಲ್ಲಿ ಔದಾರ್ಯ ಬಂದು ಕೂತಿದೆ. ಅದೇ ಜನವರಿಯಲ್ಲಿ, ಆ ಅತಿರೇಕಗಳ ವಿಚಾರಣೆ ನಡೆಸುತ್ತಿದ್ದ ಶಾ ಆಯೋಗದೆದುರು ಹಾಜರಾದ ಅವರು ಪ್ರಮಾಣವಚನ ತೆಗೆದುಕೊಂಡು ಸಾಕ್ಷಿ ನುಡಿಯಲು ಒಪ್ಪಲಿಲ್ಲ. ಆಯೋಗಕ್ಕೆ ಆ ಅಧಿಕಾರವಿಲ್ಲ ಎಂಬ ಕಾನೂನಿನ ವಾದ ಅವರದಾಗಿತ್ತು, ಸೇಡಿನ ವಾಸನೆಯೂ ಆ ವಾತಾವರಣದಲ್ಲಿ ಇತ್ತೆಂಬುದು ನಿಜ. ಆದರೆ ಆ ಆಯೋಗದ ಮುಂದಿದ್ದವು ವಿವರಗಳು. ಬಂಧಿತರಾದವರು ಆಂತರಿಕ ಭದ್ರತಾ ಕಾಯಿದೆ (ಮೀಸಾ) ಮತ್ತು ಭಾರತ ರಕ್ಷಣಾ ನಿಯಮಗಳೆರಡೂ ಸೇರಿ 1,10,806 ಮಂದಿ. ಸಂತಾನಹರಣ ಶಸ್ತ್ರಚಿಕಿತ್ಸೆ 1975–76ರಲ್ಲಿ ಸುಮಾರು 26 ಲಕ್ಷ ಇದ್ದದ್ದು ಮರುವರ್ಷ 81 ಲಕ್ಷ ದಾಟಿತು. ಹೊಣೆ ನನ್ನದು ಎಂಬ ಮಾತು ಸಭೆಯಲ್ಲಿ ಚಪ್ಪಾಳೆ ತರುತ್ತದೆ. ಈ ಆದೇಶಕ್ಕೆ ಸಹಿ ಹಾಕಿದವಳು ನಾನು, ಈ ವರದಿ ನನಗೆ ಬಂದಿತ್ತು, ನಾನು ತಡೆಯಲಿಲ್ಲ ಎಂಬ ಮಾತು ನೊಂದವರಿಗೆ ಸಲ್ಲುತ್ತದೆ. ಆ ಎರಡನೆಯ ಮಾತು ಎಂದೂ ಬರಲಿಲ್ಲ.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ಪ್ರಜಾಪ್ರಭುತ್ವದಲ್ಲಿ ಜನರ ತೀರ್ಪೇ ಅಂತಿಮವಲ್ಲವೇ? ಸ್ವತಃ ಚುನಾವಣೆ ಘೋಷಿಸಿದರು, ಸೋತರು, ರಾಜೀನಾಮೆ ಕೊಟ್ಟು ಇಳಿದರು. ಸರ್ವಾಧಿಕಾರಿಗಳು ಹಾಗೆ ಇಳಿಯುವುದಿಲ್ಲ. ಶಿಕ್ಷೆಯಾದ ಮೇಲೆ ಒಪ್ಪಿಗೆಯನ್ನೂ ಕೇಳುವುದು ಸಣ್ಣತನವಲ್ಲವೇ? ಮುಂದೆ 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಜನ ವೀರೇಂದ್ರ ಪಾಟೀಲರ ವಿರುದ್ಧ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಅವರನ್ನು ಗೆಲ್ಲಿಸಿದರಲ್ಲ, ಅದು ಕ್ಷಮೆಯಲ್ಲವೇ? ಅವರು ಗೌರವದಿಂದ ಇಳಿದರೆಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಸೋಲಿಸುವುದು ಮುಂದಿನ ಐದು ವರ್ಷ ಯಾರು ಆಳಬೇಕೆಂಬ ನಿರ್ಧಾರ, ಗೆಲ್ಲಿಸುವುದೂ ಅಷ್ಟೇ. ಚಿಕ್ಕಮಗಳೂರಿನ ಮತದಾರನಿಗೆ ಇಂದಿರಾ ಅವರನ್ನು ಲೋಕಸಭೆಗೆ ಕಳಿಸುವ ಅಧಿಕಾರ ಇತ್ತು. ಸ್ನೇಹಲತಾ ಅವರ ಮನೆಯವರ ಪರವಾಗಿ ಕ್ಷಮಿಸುವ ಅಧಿಕಾರ ಇರಲಿಲ್ಲ. ನೊಂದವರ ಬದಲಿಗೆ ಬಹುಮತ ಕ್ಷಮಿಸಲಾರದು, ಇತಿಹಾಸವೂ ಕ್ಷಮಿಸಲಾರದು. ಇತಿಹಾಸ ನನ್ನ ಬಗ್ಗೆ ಹೆಚ್ಚು ದಯೆ ತೋರೀತು ಎಂಬರ್ಥದ ಮಾತನ್ನು ಮನಮೋಹನ ಸಿಂಗ್ ಅವರು 2014ರ ಜನವರಿಯಲ್ಲಿ, ಇಳಿಯುವ ಮುನ್ನ, ಆಡಿದರು. ಸಜ್ಜನರ ಬಾಯಲ್ಲೂ ಆ ಮಾತು ನನಗೆ ಒಗ್ಗುವುದಿಲ್ಲ. ಸಿಖ್ಖರ ಮೇಲೆ 1984ರಲ್ಲಿ ನಡೆದ ಹತ್ಯಾಕಾಂಡಕ್ಕಾಗಿ 2005ರಲ್ಲಿ ರಾಜ್ಯಸಭೆಯಲ್ಲಿ ತಲೆಬಾಗಿ ಕ್ಷಮೆ ಕೇಳಿದವರು ಅವರೇ, ಅದು ದೊಡ್ಡ ಕೆಲಸ. ಇತಿಹಾಸಕ್ಕೆ ಮುಖ ತಿರುಗಿಸಿ ನಿಂತರೆ ಎದುರಿಗಿರುವ ಜೀವಂತ ಮನುಷ್ಯರಿಗೆ ಬೆನ್ನು ತೋರಿಸಿದಂತೆ ಎಂಬುದನ್ನು ಅವರ ಆ ದಿನದ ನಡೆಯೇ ತಿಳಿಸಿತ್ತು.

ತಪ್ಪೊಪ್ಪಿಕೊಂಡರೆ ಆಡಳಿತದ ಅಧಿಕಾರವೇ ಕುಸಿಯುತ್ತದೆ, ವಿರೋಧಿಗಳು ಅದನ್ನೇ ಆಯುಧ ಮಾಡಿಕೊಳ್ಳುತ್ತಾರೆ ಎಂಬುದು ಇನ್ನೊಂದು ವಾದ. ಗಾಂಧೀಜಿ 1919ರಲ್ಲಿ ತಮ್ಮ ಎಣಿಕೆ ಹಿಮಾಲಯದಷ್ಟು ತಪ್ಪಿತೆಂದು ಸಾರಿದಾಗ, 1921ರ ನವೆಂಬರಿನಲ್ಲಿ ಇದೇ ಮುಂಬಯಿಯ ಗಲಭೆಗಾಗಿ ಉಪವಾಸ ಕೂತಾಗ ಅವರ ಬಲ ಕುಗ್ಗಲಿಲ್ಲ ಎಂದರೆ, ಅವರು ಕುರ್ಚಿಯಲ್ಲಿ ಇರಲಿಲ್ಲವಲ್ಲ ಎಂಬ ಉತ್ತರ ಬರುತ್ತದೆ. ಆದ್ದರಿಂದ ಅಧಿಕಾರವೇ ಮೈಯಾಗಿರುವ ಸಂಸ್ಥೆಯನ್ನು ತೆಗೆದುಕೊಳ್ಳುವೆ. ತುರ್ತು ಪರಿಸ್ಥಿತಿಯಲ್ಲಿ ಬಂಧಿತರು ಬಿಡುಗಡೆಗಾಗಿ ಕೋರ್ಟಿಗೆ ಬರಬಹುದೆಂದು ದೇಶದ ಹಲವು ಹೈಕೋರ್ಟುಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಆ ಬಾಗಿಲನ್ನು ಮುಚ್ಚಿತು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಬಹುಮತದಲ್ಲಿದ್ದ ಪಿ.ಎನ್. ಭಗವತಿಯವರು 2011ರಲ್ಲಿ ತಾವು ಮಾಡಿದ್ದು ತಪ್ಪೆಂದು ಹೇಳಿ ದೇಶದ ಕ್ಷಮೆ ಕೇಳಿದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಖಾಸಗಿತನದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಆ ಹಳೆಯ ತೀರ್ಪನ್ನೇ ರದ್ದು ಮಾಡಿತು. ಅದು ಗಂಭೀರ ದೋಷದ ತೀರ್ಪೆಂದು ಬರೆದವರು ಡಿ.ವೈ. ಚಂದ್ರಚೂಡ್. 1976ರ ಬಹುಮತದಲ್ಲಿ ಅವರ ತಂದೆ ವೈ.ವಿ. ಚಂದ್ರಚೂಡರೂ ಇದ್ದರು. ನ್ಯಾಯಾಲಯದ ಘನತೆ ಇದರಿಂದ ಕಡಿಮೆಯಾಯಿತೆಂದು ಯಾರಾದರೂ ಹೇಳಿದರೇ? ನಲವತ್ತೊಂದು ವರ್ಷ ತಡವಾಯಿತು, ಅದೇ ನನ್ನ ದುಃಖ. ನಮ್ಮದು ತಪ್ಪಾಯಿತು ಎಂದು ಬರೆದಿಡುವ ಒಂದು ದಾರಿ ನ್ಯಾಯಾಲಯದ ಪದ್ಧತಿಯೊಳಗೇ ಇದೆ. ಸರಕಾರಗಳು ಅಂಥ ದಾರಿಯನ್ನು ಕಟ್ಟಿಕೊಂಡಿಲ್ಲ.

ಒಬ್ಬರತ್ತಲೇ ಬೆರಳು ತೋರಿಸುವುದು ನ್ಯಾಯವೇ ಎಂಬ ಪ್ರಶ್ನೆಗೆ ನಾನು ಅರ್ಧ ಸೋಲುತ್ತೇನೆ. ಮುಂಬಯಿಯ ಮಧ್ಯಮ ವರ್ಗಕ್ಕೆ ಆಗ ಲೋಕಲ್ ರೈಲು ಹೊತ್ತಿಗೆ ಸರಿಯಾಗಿ ಬರುವುದು, ಆಫೀಸಿನಲ್ಲಿ ಗುಮಾಸ್ತರು ಸೀಟಿನಲ್ಲಿರುವುದು ಹಿತವಾಗಿತ್ತು. ಜೋಪಡಿ ಹೋದರೆ ಪೇಟೆ ಚೊಕ್ಕಟವಾಗುತ್ತದೆ ಎಂದವರಲ್ಲಿ ಕನ್ನಡಿಗರೂ ಇದ್ದಿರಲೇಬೇಕು. ಮಹಾರಾಷ್ಟ್ರದ ವಿಧಾನಮಂಡಲ 1976ರಲ್ಲಿ ಕಡ್ಡಾಯ ಸಂತಾನಹರಣದ ಮಸೂದೆಯನ್ನೇ ಅಂಗೀಕರಿಸಿತ್ತು. ರಾಷ್ಟ್ರಪತಿಯ ಅಂಕಿತ ಬೀಳದ್ದರಿಂದ ಅದು ಕಾಯಿದೆಯಾಗಲಿಲ್ಲ. ವಿನೋಬಾರಂಥವರೂ ಆ ಕಾಲವನ್ನು ಅನುಶಾಸನ ಪರ್ವವೆಂದು ಕರೆದು, ಬಳಿಕ ಆಚಾರ್ಯರ ಸಮ್ಮೇಳನದ ಮೂಲಕ ಸಹಜ ಸ್ಥಿತಿ ಮರಳಲಿ ಎನ್ನಿಸಬೇಕಾಯಿತು. ಹೊಣೆ ಹಲವರ ಮೇಲಿದೆ ನಿಜ. ಹಲವರ ಮೇಲಿದೆ ಎಂಬುದರಿಂದ ಯಾರ ಪಾಲೂ ಕಡಿಮೆಯಾಗುವುದಿಲ್ಲ, ಸಹಿ ಹಾಕಿದವರದಂತೂ ಆಗುವುದೇ ಇಲ್ಲ. ಬದಲಿಗೆ, ನಾಯಕಿ ಬಾಯಿ ತೆರೆಯದಿದ್ದುದರಿಂದ ಕೆಳಗಿನ ಅಧಿಕಾರಿಗೆ, ಪೊಲೀಸಿಗೆ, ಚಪ್ಪಾಳೆ ತಟ್ಟಿದ ನಮ್ಮ ಹಿರಿಯರಿಗೆ ತಮ್ಮ ಪಾಲನ್ನು ಹೇಳಿಕೊಳ್ಳುವ ಪ್ರಸಂಗವೇ ಬರಲಿಲ್ಲ. ಮೇಲಿನವರ ಮೌನ ಮಾಡುವ ದೊಡ್ಡ ಹಾನಿ ಇದು.

ಇಂದಿರಾ ಅವರು 1984ರಲ್ಲಿ ಹತ್ಯೆಯಾದರು. ಇನ್ನು ಒಪ್ಪಿಕೊಳ್ಳುವವರು ಯಾರು? ಮೊಮ್ಮಗ ರಾಹುಲ್ ಗಾಂಧಿ 2021ರ ಮಾರ್ಚಿನಲ್ಲಿ ತುರ್ತು ಪರಿಸ್ಥಿತಿ ತಪ್ಪಾಗಿತ್ತೆಂದು ಹೇಳಿದರು. ಅಜ್ಜಿಯ ಪ್ರಾಯಶ್ಚಿತ್ತವನ್ನು ಮೊಮ್ಮಗ ಮಾಡಲಾಗದು, ನಮ್ಮ ಧರ್ಮಶಾಸ್ತ್ರವೂ ಅದಕ್ಕೆ ಎಡೆ ಕೊಡುವುದಿಲ್ಲ. ಆದರೆ ಹಿರಿಯರ ಸಾಲವನ್ನು ಕಿರಿಯರು ತೀರಿಸಬೇಕೆಂದು ಅದೇ ಧರ್ಮಶಾಸ್ತ್ರ ಹೇಳುತ್ತದೆ. ಅಜ್ಜಿಯ ಸಾಲ ಬರೀ ಮಾತಿನದಲ್ಲ. ಶಾ ಆಯೋಗ 1978ರಲ್ಲಿ ಮೂರು ಕಂತುಗಳಲ್ಲಿ ಕೊಟ್ಟ ವರದಿಯ ಪ್ರತಿಗಳು 1980ರಲ್ಲಿ ಅವರು ಮತ್ತೆ ಅಧಿಕಾರಕ್ಕೆ ಬಂದ ಮೇಲೆ ಸಿಗುವುದೇ ದುರ್ಲಭವಾಯಿತು. ಮಾಜಿ ಸಂಸದ ಇರಾ ಸೆಳಿಯನ್ ತಮ್ಮಲ್ಲಿದ್ದ ಪ್ರತಿಯಿಂದ 2010ರಲ್ಲಿ ಅದನ್ನು ಮತ್ತೆ ಅಚ್ಚು ಹಾಕಿಸಿದರು. ಒಬ್ಬ ವೃದ್ಧ ಸಂಸದೀಯ ಪಟು ಸ್ವಂತ ಆಸಕ್ತಿಯಿಂದ ಮಾಡಿದ ಆ ಕೆಲಸವನ್ನು ಮಾಡಬೇಕಾಗಿದ್ದುದು ಪಕ್ಷ, ಅದರ ನಂತರ ಬಂದ ಪ್ರತಿಯೊಂದು ಸರಕಾರ. ಪುಟಪುಟವಾಗಿ, ಹೆಸರು, ತಾರೀಕು, ಆದೇಶ ಸಂಖ್ಯೆಗಳ ಸಮೇತ, ಕನ್ನಡದಲ್ಲೂ ಮರಾಠಿಯಲ್ಲೂ ಅದು ಚೀತಾ ಕ್ಯಾಂಪಿನ ಶಾಲೆಯ ಕಪಾಟಿಗೂ ಬೆಂಗಳೂರಿನ ಗ್ರಂಥಾಲಯಗಳಿಗೂ ಬರಬೇಕು.