ತೊಳೆದ ಲೋಟ

ಒಂದು ಊರಿನ ದೇವಸ್ಥಾನವನ್ನು ನೋಡಿದರೆ ಅಲ್ಲಿನ ಹಿಂದಿನವರ ಭಕ್ತಿ ತಿಳಿಯುತ್ತದೆ. ಶಾಲೆಯನ್ನು ನೋಡಿದರೆ ಮುಂದಿನವರ ಮೇಲೆ ಊರು ಇಟ್ಟಿರುವ ಆಸೆ ತಿಳಿಯುತ್ತದೆ. ಈಗ ಬದುಕಿರುವವರು ಒಬ್ಬರನ್ನೊಬ್ಬರು ಹೇಗೆ ಕಾಣುತ್ತಾರೆಂಬುದು ತಿಳಿಯಬೇಕಾದರೆ ಮಾತ್ರ ಹೋಟೆಲಿಗೆ ಹೋಗಿ ಒಂದು ಚಹಾ ಕುಡಿಯಬೇಕು. ಚಹಾದ ರುಚಿ ಹೇಗಾದರೂ ಇರಲಿ, ಅದು ಯಾವ ಪಾತ್ರೆಯಲ್ಲಿ ಯಾರಿಗೆ ಬಂತು ಎಂಬುದನ್ನು ಗಮನಿಸಬೇಕು.

ನಮ್ಮ ಕಡೆಯ ನಾಲ್ಕು ತಾಲ್ಲೂಕುಗಳಲ್ಲಿ ನಾನು ಬೇಕಾದಷ್ಟು ಓಡಾಡಿದ್ದೇನೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದುವು. ನ್ಯಾಮತಿ ಅನಂತರ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಒಂದು ಕಡೆ ಅಡಿಕೆಯ ತೋಟ, ಒಂದು ಕಡೆ ತುಂಗಭದ್ರೆಯ ದಂಡೆ, ಇನ್ನೊಂದು ಕಡೆ ಮಳೆಗೆ ಬಾಯಿಬಿಡುವ ಜಗಳೂರಿನ ನೆಲ. ಆದರೆ ಹೋಟೆಲಿನ ಪಾತ್ರೆಗಳಲ್ಲಿ ಅಂತಹ ಭೇದವಿಲ್ಲ. ಅದೇ ಗೆರೆಗೆರೆಯ ಗಾಜಿನ ಲೋಟ, ಅದೇ ಸ್ಟೀಲಿನ ಲೋಟ-ಬಟ್ಟಲು, ಕಿವಿ ಮುರಿದ ಪಿಂಗಾಣಿ ಕಪ್ಪು, ಅದಕ್ಕೆ ಹೊಂದದ ಸಾಸರು. ಇಡ್ಲಿಗೆ ತಟ್ಟೆ, ಊಟಕ್ಕೆ ಬಾಳೆ ಎಲೆ ಅಥವಾ ಮುತ್ತುಗದ ಎಲೆ. ಪಾತ್ರೆಗಳ ಈ ಸಂಸಾರ ನೋಡುವುದಕ್ಕೆ ಬಹಳ ಸಾಧು. ಅದರೊಳಗೂ ಜಾತಿ ಹೊಕ್ಕಿತ್ತೆಂದು ಹೊಸಬರಿಗೆ ಹೇಳಿದರೆ ನಂಬುವುದು ಕಷ್ಟ.

ಆದರೆ ಹೊಕ್ಕಿತ್ತು. ಕರ್ನಾಟಕದ ಹಳ್ಳಿಗಳನ್ನು ಬಲ್ಲವರಿಗೆ ಎರಡು ಲೋಟದ ಪದ್ಧತಿಯನ್ನು ವಿವರಿಸಬೇಕಾಗಿಲ್ಲ. ಒಳಗೆ ಕೂರುವವರಿಗೆ ಒಂದು ಲೋಟ, ದಲಿತರಿಗೆ ಬೇರೆ ಲೋಟ. ಆ ಬೇರೆ ಲೋಟ ಹೊರಗೆ, ಸೂರಿನ ಸಂದಿಯಲ್ಲೋ ಗೋಡೆಯ ಗೂಡಿನಲ್ಲೋ ಇರುತ್ತಿತ್ತು. ಕೆಲವು ಕಡೆ ಲೋಟವೂ ಇಲ್ಲ, ತೆಂಗಿನ ಚಿಪ್ಪು. ಬಂದವನು ಅದನ್ನು ತಾನೇ ತೆಗೆದುಕೊಂಡು, ತಾನೇ ತೊಳೆದು, ಮೇಲಿನಿಂದ ಹೊಯ್ದ ಚಹಾವನ್ನು ಕುಡಿದು, ಮತ್ತೆ ತಾನೇ ತೊಳೆದು ಅಲ್ಲಿಯೇ ಇಡಬೇಕು. ಕೊಡುವ ಕಾಸು ಮಾತ್ರ ಎಲ್ಲರದೂ ಒಂದೇ ಗಲ್ಲಾಪೆಟ್ಟಿಗೆಗೆ ಬೀಳುತ್ತಿತ್ತು. ಕಾಸಿಗೆ ಮೈಲಿಗೆಯಿಲ್ಲ! ಈ ಪದ್ಧತಿ ಪೂರ್ತಿ ಹೋಯಿತೆಂದು ಎದೆ ಮುಟ್ಟಿ ಹೇಳುವ ಧೈರ್ಯ ನನಗಿಲ್ಲ.

ಇದನ್ನು ಸಮರ್ಥಿಸುವವರು ಮೊದಲು ಶುಚಿಯ ಮಾತೆತ್ತುತ್ತಾರೆ. ಶುಚಿ ದೊಡ್ಡ ವಿಷಯವೇ, ನಾನು ಅಲ್ಲಗಳೆಯುವುದಿಲ್ಲ. ಎಂಜಲು ಎಂಬುದು ನಮ್ಮ ಜನಕ್ಕೆ ಬರಿಯ ಆರೋಗ್ಯದ ಪ್ರಶ್ನೆಯಲ್ಲ, ಮನಸ್ಸಿನ ಪ್ರಶ್ನೆ. ಆದರೆ ಎಂಜಲು ತೊಳೆದರೆ ಹೋಗುತ್ತದೆಯೋ ಇಲ್ಲವೋ? ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ದ್ರವ್ಯಶುದ್ಧಿಯ ವಿಚಾರ ಬರುತ್ತದೆ: ಲೋಹದ ಪಾತ್ರೆಗಳು ಬೂದಿ, ಹುಳಿ, ನೀರುಗಳಿಂದ ಶುದ್ಧವಾಗುತ್ತವೆಂದು ಅಲ್ಲಿ ಹೇಳಿದೆ. ಅದೇ ಗ್ರಂಥ ಹತ್ತನೆಯ ಅಧ್ಯಾಯಕ್ಕೆ ಬಂದಾಗ ಕೆಲವು ಜನರನ್ನು ಊರ ಹೊರಗಿಟ್ಟು ‘ಅಪಪಾತ್ರ’ರೆಂದು ಕರೆಯುತ್ತದೆ, ಎಂದರೆ ಅವರ ಪಾತ್ರೆ ಬೇರೆಯವರ ಬಳಕೆಗೆ ಬಾರದು. ಈ ಎರಡು ಮಾತೂ ಒಟ್ಟಿಗೆ ನಿಲ್ಲಲಾರವು. ಬೂದಿಗೆ ಕೊಳೆ ಕಳೆಯುವ ಶಕ್ತಿಯಿದ್ದರೆ ಯಾರ ಬಾಯಿ ಸೋಕಿದ್ದರೂ ಕಳೆಯಬೇಕು. ಒಬ್ಬನ ಎಂಜಲನ್ನು ಕಳೆದು ಇನ್ನೊಬ್ಬನ ಎಂಜಲನ್ನು ಬಿಟ್ಟರೆ ಆ ಬೂದಿ ತೊಳೆಯುತ್ತಿಲ್ಲ, ಜಾತಿ ಕೇಳುತ್ತಿದೆ. ಆದ್ದರಿಂದ ಬೇರೆ ಲೋಟಕ್ಕೂ ಶುಚಿಗೂ ಸಂಬಂಧವಿಲ್ಲ. ಅಲ್ಲಿ ಕೊಳೆಯೆಂದು ಎಣಿಸಿದ್ದು ಲೋಟವನ್ನಲ್ಲ, ಮನುಷ್ಯನನ್ನು.

ಕಾನೂನು ಈ ವಿಷಯವನ್ನು ಚೆನ್ನಾಗಿಯೇ ಅರಿತಿತ್ತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. 15ನೆಯದು ಅಂಗಡಿ, ಹೋಟೆಲುಗಳ ಬಾಗಿಲನ್ನು ಎಲ್ಲರಿಗೂ ತೆರೆಯಿತು. ಬಾಗಿಲು ತೆರೆದರೆ ಸಾಲದೆಂದು ಕಂಡದ್ದರಿಂದಲೋ ಏನೋ, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಹೋಟೆಲಿನಲ್ಲಿ ಸಾರ್ವಜನಿಕರಿಗಾಗಿ ಇಟ್ಟ ಪಾತ್ರೆಗಳ ಬಳಕೆಯನ್ನೂ ಹೆಸರಿಸಿ ಹೇಳಿತು. 1976ರ ತಿದ್ದುಪಡಿಯಲ್ಲಿ ಆ ಕಾಯಿದೆಗೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬ ಹೆಸರಾಯಿತು. ಒಂದು ದೇಶದ ಸಂಸತ್ತು ಕುಳಿತು ಚಹಾದ ಲೋಟದ ವಿಚಾರ ಮಾಡಬೇಕಾಯಿತೆಂದರೆ ನಗುವವರು ನಗಬಹುದು. ನನಗೆ ಅದು ಆ ಸಂಸತ್ತಿನ ಗಂಭೀರವಾದ ಕೆಲಸಗಳಲ್ಲಿ ಒಂದೆಂದು ತೋರುತ್ತದೆ. 1927ರ ಮಾರ್ಚ್ 20ರಂದು ಅಂಬೇಡ್ಕರರು ಮಹಾಡದ ಚವದಾರ್ ಕೆರೆಯ ನೀರನ್ನು ಕುಡಿದದ್ದು ಬಾಯಾರಿಕೆಗಾಗಿ ಅಲ್ಲ. ಹೋಟೆಲಿನ ಮುಂದೆ ನಿಂತವನೂ ಬರಿಯ ಚಹಾ ಕೇಳುತ್ತಿಲ್ಲ; ಚಹಾ ಅವನ ಮನೆಯಲ್ಲಿಯೂ ಇದೆ.

ಹಳ್ಳಿಯ ಹೋಟೆಲಿನ ಒಬ್ಬ ಯಜಮಾನರು ಒಮ್ಮೆ ನನ್ನೊಡನೆ ಹೀಗೆ ವಾದಿಸಿದರು: “ನನಗೇನು ಭೇದ, ಸ್ವಾಮಿ? ಎಲ್ಲರ ದುಡ್ಡೂ ಒಂದೇ. ಆದರೆ ಲೋಟ ಬೆರೆಸಿದೆ ಅಂತ ಗೊತ್ತಾದರೆ ನಾಳೆಯಿಂದ ಮಿಕ್ಕವರು ಬರೋದಿಲ್ಲ. ನನ್ನ ಹೆಂಡತಿ ಮಕ್ಕಳನ್ನ ನೀವು ಸಾಕ್ತೀರಾ?” ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಅವರ ಭಯ ಸುಳ್ಳಲ್ಲ. ಆದರೆ ಅದು ಅವರನ್ನು ಪೂರ್ತಿ ಬಿಡಿಸುವುದೂ ಇಲ್ಲ. ಹೆದರಿ ಮಾಡಿದ ಅನ್ಯಾಯವೂ ಅನುಭವಿಸುವವನಿಗೆ ಅನ್ಯಾಯವೇ. ಆ ಮಾತಿನಿಂದ ತಿಳಿಯುವುದೇನೆಂದರೆ, ಎರಡನೆಯ ಲೋಟವನ್ನು ಅಲ್ಲಿ ಇರಿಸಿದ್ದು ಯಜಮಾನರೊಬ್ಬರೇ ಅಲ್ಲ. ಒಳಗೆ ಬೆಂಚಿನ ಮೇಲೆ ಕುಳಿತು ಮೊದಲನೆಯ ಲೋಟದಲ್ಲಿ ಕುಡಿಯುವ ಪ್ರತಿಯೊಬ್ಬನೂ ಅದರಲ್ಲಿ ಪಾಲುದಾರ.

ಈಗ ಕಾಗದದ ಕಪ್ಪು ಬಂದಿದೆ. 2020ರ ಸಾಂಕ್ರಾಮಿಕದ ಮೇಲಂತೂ ಅದರ ಬಳಕೆ ಇನ್ನೂ ಹೆಚ್ಚಿತು. ಎಲ್ಲರಿಗೂ ಒಂದೇ ಕಪ್ಪು, ಕುಡಿದು ಎಸೆದರಾಯಿತು. ಲೋಟದ ಜಗಳ ತಾನಾಗಿ ಮುಗಿಯಿತಲ್ಲ ಎಂದು ಕೆಲವರು ಸಂತೋಷಪಡುತ್ತಾರೆ. ಜಗಳೂರಿನಂತಹ ಸೀಮೆಯಲ್ಲಿ ತೊಳೆಯುವ ನೀರೂ ಉಳಿಯುತ್ತದೆ ಎಂಬುದು ನಿಜವೇ. ಆದರೆ ಆ ಕಾಗದದ ಒಳಮೈಗೆ ಪ್ಲಾಸ್ಟಿಕ್ಕಿನ ತೆಳು ಪೊರೆಯಿರುತ್ತದೆ. ಬೇಗ ಮಣ್ಣಾಗುವ ವಸ್ತುವಲ್ಲ. ಅದು ಹಾಗಿರಲಿ. ನನ್ನ ಅನುಮಾನ ಬೇರೆ. ಬೆಂಚಿನ ಮೇಲಿದ್ದವರಿಗೆ ಗಾಜಿನ ಲೋಟವನ್ನೂ ಒಬ್ಬನಿಗೆ ಮಾತ್ರ ಕಾಗದದ ಕಪ್ಪನ್ನೂ ಕೊಟ್ಟರೆ ಅದು ಹಳೆಯ ತೆಂಗಿನ ಚಿಪ್ಪೇ, ಬೆಳ್ಳಗಾಗಿದೆ ಅಷ್ಟೆ. ಎಲ್ಲರಿಗೂ ಕಾಗದವನ್ನೇ ಕೊಟ್ಟರೂ, ಅಲ್ಲಿ ಯಾರೂ ಯಾರೊಡನೆಯೂ ಏನನ್ನೂ ಹಂಚಿಕೊಂಡಂತಾಗಲಿಲ್ಲ. ಒಬ್ಬರು ಮುಟ್ಟಿದ್ದನ್ನು ಇನ್ನೊಬ್ಬರು ಮುಟ್ಟುವ ಪ್ರಸಂಗವೇ ಬಾರದಂತೆ ಮಾಡಿಕೊಂಡು, ಅದನ್ನೇ ಸಮಾನತೆಯೆಂದು ಕರೆಯಬಹುದೇ? ಪರೀಕ್ಷೆಯನ್ನೇ ರದ್ದುಮಾಡಿದರೆ ಯಾರೂ ಫೇಲಾಗುವುದಿಲ್ಲ. ಎಲ್ಲರೂ ಪಾಸಾದರೆಂದೂ ಆಗುವುದಿಲ್ಲ.

ಇನ್ನೊಂದು ಮಾತು. ತನ್ನ ಲೋಟವನ್ನು ತಾನೇ ತೊಳೆಯುವುದರಲ್ಲಿ ಅವಮಾನವೇನಿದೆ ಎಂದು ಕೇಳುವವರೂ ಇದ್ದಾರೆ. ಏನೂ ಇಲ್ಲ. ಮಠಗಳ ದಾಸೋಹದಲ್ಲಿ ಉಂಡ ತಟ್ಟೆಯನ್ನು ಸಿರಿವಂತನೂ ತಾನೇ ತೊಳೆದಿಟ್ಟು ಸಂತೋಷಪಡುತ್ತಾನೆ. ಕೈ ಮಾಡುವ ಕೆಲಸ ಎರಡು ಕಡೆಯೂ ಒಂದೇ. ಆದರೆ ದಾಸೋಹದಲ್ಲಿ ತೊಳೆದ ತಟ್ಟೆ ಎಲ್ಲರ ತಟ್ಟೆಗಳ ರಾಶಿಗೆ ಹೋಗಿ ಸೇರುತ್ತದೆ. ಹೋಟೆಲಿನ ಹೊರಗೆ ತೊಳೆದ ಲೋಟ ಮತ್ತೆ ತನ್ನ ಗೂಡಿಗೇ ಹೋಗುತ್ತದೆ. ಮೊದಲನೆಯದು ಸೇವೆ, ಎರಡನೆಯದು ಶಿಕ್ಷೆ.

ಆದ್ದರಿಂದ ಬೇಕಾಗಿರುವುದು ಹೊಸ ಪಾತ್ರೆಯಲ್ಲ. ಒಂದು ಬೋಸಿ ಬಿಸಿನೀರು, ಒಂದಿಷ್ಟು ಸೋಪು, ಒಂದೇ ಹಲಗೆಯ ಮೇಲೆ ಬೋರಲು ಹಾಕಿದ ಲೋಟಗಳ ಸಾಲು ಇದ್ದರೆ ಸಾಕು. ಆ ಸಾಲಿನಿಂದ ಕೈಗೆ ಬಂದ ಲೋಟವನ್ನು, ಇದರಲ್ಲಿ ಮೊದಲು ಯಾರು ಕುಡಿದರೆಂದು ಕೇಳದೆ ತುಟಿಗೆ ಇಟ್ಟವನು ತನಗರಿವಿಲ್ಲದೆ ಒಂದು ನಂಬಿಕೆಯನ್ನು ಒಪ್ಪಿಕೊಂಡಿರುತ್ತಾನೆ: ತೊಳೆದ ಮೇಲೆ ಎಲ್ಲರ ಎಂಜಲೂ ಹೋಗುತ್ತದೆ, ಏಕೆಂದರೆ ಎಲ್ಲರ ಬಾಯಿಯೂ ಮನುಷ್ಯರ ಬಾಯಿಯೇ. ಪ್ರಜಾಪ್ರಭುತ್ವಕ್ಕೆ ದೊಡ್ಡ ದೊಡ್ಡ ವ್ಯಾಖ್ಯೆಗಳಿವೆ. ಬೆಳಗಿನ ಚಹಾದ ಹೊತ್ತಿಗೆ ನನಗೆ ಇಷ್ಟು ಸಾಕು.