ಕೆಲಸ ಬಿಡುವವರ ಸತ್ಯ

ಸಂದರ್ಶನಕ್ಕೆ ಹೋದ ಉಪಾಧ್ಯಾಯರಿಗೆ ಹಾಕುವ ಪ್ರಶ್ನೆಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ಹುಟ್ಟಿದ ಊರು ಯಾವುದು, ತರಬೇತಿ ಮುಗಿದುದು ಎಂದು, ಮೂರನೆಯ ತರಗತಿಗೆ ಭಾಗಾಕಾರವನ್ನು ಹೇಗೆ ಕಲಿಸುವಿರಿ ಎಂಬಂಥವು ಅವು. ಆದರೆ ನಡುವೆ ಒಂದು ಪ್ರಶ್ನೆ ಬಂದೇ ಬರುತ್ತದೆ: “ಈಗಿರುವ ಶಾಲೆಯನ್ನು ಏಕೆ ಬಿಡುತ್ತೀರಿ?” ಮೇಲಿನವರ ಕಿರುಕುಳವನ್ನು ತಾಳಲಾರದೆ ಹೊರಟವರಿಗೆ ಈ ನಾಲ್ಕು ಶಬ್ದಗಳು ಗಂಟಲಲ್ಲಿ ಸಿಕ್ಕಿದ ಮುಳ್ಳಾಗುತ್ತವೆ. ಇದ್ದುದನ್ನು ಇದ್ದಂತೆ ಹೇಳಿದರೆ ಚಾಡಿಕೋರರೆನಿಸುತ್ತೇವೆ. ಬೇರೇನನ್ನಾದರೂ ಹೇಳಿದರೆ, ದಿನ ಬೆಳಗಾದರೆ ಮಕ್ಕಳಿಗೆ ಸುಳ್ಳಾಡಬೇಡಿರೆಂದು ಬೋಧಿಸುವ ಬಾಯಿಂದಲೇ ಸುಳ್ಳು ಹೊರಟಂತಾಗುತ್ತದೆ. ಈ ಇಕ್ಕಟ್ಟಿನಲ್ಲಿ ಧರ್ಮ ಯಾವುದು ಎಂಬುದು ಪ್ರಕೃತ ವಿಚಾರ.

ನಮ್ಮ ಕಾಸರಗೋಡಿನ ಕಡೆಯಲ್ಲಿ ಈ ಇಕ್ಕಟ್ಟು ತುಸು ಹೆಚ್ಚು ಬಿಗಿ. 1956ರ ನವೆಂಬರ್ 1ರಂದು ಈ ಸೀಮೆಯು ಕೇರಳಕ್ಕೆ ಸೇರಿತು. 1959ರಲ್ಲಿ ಅಲ್ಲಿಯ ಶಿಕ್ಷಣ ಕಾಯಿದೆ ಜಾರಿಗೆ ಬಂದಿತು. ಅನುದಾನಿತ ಶಾಲೆಗಳಲ್ಲಿ ಸಂಬಳ ಕೊಡುವುದು ಸರಕಾರ, ನೇಮಿಸುವುದು ಮ್ಯಾನೇಜರರು. ಹೀಗೆ ಉಣಿಸುವ ಕೈ ಒಂದು, ಕಿವಿ ಹಿಂಡುವ ಕೈ ಇನ್ನೊಂದು. ಅದಿರಲಿ, ಕನ್ನಡ ಶಾಲೆಗಳ ಬಳಗವೇ ಸಣ್ಣದು. ಒಂದು ಶಾಲೆಯ ಮ್ಯಾನೇಜರರು ಇನ್ನೊಂದು ಶಾಲೆಯವರಿಗೆ ಬೀಗರೋ, ದೇವಸ್ಥಾನದ ಆಡಳಿತದಲ್ಲಿ ಜತೆಗಾರರೋ ಆಗಿರುವುದು ಸಾಮಾನ್ಯ. ಸಂದರ್ಶನದಲ್ಲಿ ಆಡಿದ ಮಾತು ನಾವು ಹತ್ತಿದ ಬಸ್ಸಿಗಿಂತ ಮೊದಲೇ ಊರು ತಲಪುತ್ತದೆ. ದೊಡ್ಡ ಪಟ್ಟಣದಲ್ಲಿ ಹಳೆಯ ಧಣಿಯನ್ನು ಬೈದು ಜನಜಂಗುಳಿಯಲ್ಲಿ ಮರೆಯಾಗಬಹುದು. ಇಲ್ಲಿ ಮುಂದಿನ ಜಾತ್ರೆಯಲ್ಲಿ ಅವರ ಎದುರಿಗೇ ನಿಂತು ಪ್ರಸಾದ ತೆಗೆದುಕೊಳ್ಳಬೇಕು.

ಬಸವಣ್ಣನವರು ಒಂದೇ ವಚನದಲ್ಲಿ ಹುಸಿಯನ್ನೂ ಆತ್ಮಪ್ರಶಂಸೆಯನ್ನೂ ಪರನಿಂದೆಯನ್ನೂ ಬೇಡವೆಂದಿದ್ದಾರೆ. ನಾವು ಅದನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಆದರೆ ಸಂದರ್ಶನವೆಂಬ ಈ ಆಧುನಿಕ ವಿಧಿಯನ್ನು ನೋಡಿರಿ: ತನ್ನನ್ನು ತಾನು ಬಣ್ಣಿಸಿಕೊಳ್ಳದವನಿಗೆ ಅಲ್ಲಿ ಕೆಲಸವಿಲ್ಲ, ಏಕೆ ಬಿಡುತ್ತೀರಿ ಎಂಬ ಪ್ರಶ್ನೆ ಪರನಿಂದೆಗೆ ಬಾಗಿಲು ತೆರೆದು ನಿಲ್ಲುತ್ತದೆ, ಆ ಬಾಗಿಲನ್ನು ಹೊಗದವನು ಬಹುಮಟ್ಟಿಗೆ ಹುಸಿಯ ಬಾಗಿಲಿಗೆ ತಿರುಗುತ್ತಾನೆ. ಮೂರು ನಿಷೇಧಗಳನ್ನೂ ಹತ್ತು ನಿಮಿಷಗಳೊಳಗೆ ಪರೀಕ್ಷಿಸುವ ಇಂಥ ಸ್ಥಳ ಇನ್ನೊಂದುಂಟೋ ಇಲ್ಲವೋ!

ಹುಸಿಯ ಬಾಗಿಲು ಹಲವು ಬಗೆಯದು. “ಮನೆಯ ತಾಪತ್ರಯ” ಎಂಬುದು ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು. ಗಟ್ಟಿಮುಟ್ಟಾಗಿ ತೋಟದಲ್ಲಿ ಅಡಕೆ ಹೆಕ್ಕುತ್ತಿರುವ ತಾಯಿಯನ್ನು ಈ ಉತ್ತರಕ್ಕಾಗಿ ಹಾಸಿಗೆ ಹಿಡಿಸಿದವರು ಎಷ್ಟು ಮಂದಿಯೋ! ಇನ್ನು ಕೆಲವರು, ತಮ್ಮನ್ನು ಮೂರು ವರ್ಷ ಕಾಡಿದವರನ್ನೇ ದೇವರಂಥವರೆಂದು ಹೊಗಳುತ್ತಾರೆ. ಇದು ಸೌಜನ್ಯವೆಂದು ತೋರಿದರೂ ನಮ್ಮ ಎಣಿಕೆಯಲ್ಲಿ ಮೊದಲಿನದಕ್ಕಿಂತ ಕೆಟ್ಟದ್ದು. ನಾಳೆ ಆ ಹೊಗಳಿಕೆಯನ್ನು ನಂಬಿ ಯಾರಾದರೂ ಆ ಶಾಲೆಗೆ ಹೋಗಬಹುದು. ಅಂದ ಹಾಗೆ, ಈ ವ್ಯಾಪಾರದಲ್ಲಿ ಮೇಲಿನವರೂ ಹಿಂದೆ ಬೀಳುವುದಿಲ್ಲ. ಒಮ್ಮೆ ತೊಲಗಿದರೆ ಸಾಕೆಂದುಕೊಂಡವರ ಕೈಗೂ “ನಡತೆ ತೃಪ್ತಿಕರ” ಎಂಬ ಪತ್ರವನ್ನು ಬರೆದುಕೊಡುತ್ತಾರೆ.

ಹಾಗಾದರೆ ಹೇಳದೆ ಉಳಿಸಿಕೊಳ್ಳುವುದೂ ಸುಳ್ಳೇ? ತಾಳಮದ್ದಳೆಯಲ್ಲಿ ದ್ರೋಣಪರ್ವದ ಅರ್ಥ ಕೇಳಿದ ನಮ್ಮ ವಾಚಕರಿಗೆ ಧರ್ಮರಾಯನ ಪ್ರಸಂಗ ಹೊಸದಲ್ಲ. ಅಶ್ವತ್ಥಾಮನೆಂಬ ಆನೆ ಸತ್ತುದು ನಿಜ. ಆನೆಯೆಂಬ ಮಾತನ್ನು ತಗ್ಗಿದ ದನಿಯಲ್ಲಿ ಆತನು ಆಡಿದುದೂ ನಿಜ. ಆದರೂ ನೆಲಕ್ಕೆ ನಾಲ್ಕಂಗುಲ ಮೇಲೆ ಹರಿಯುತ್ತಿದ್ದ ಅವನ ರಥ ನೆಲ ಮುಟ್ಟಿತು. ಆಡಿದ ಶಬ್ದಗಳು ಸುಳ್ಳಾಗಿದ್ದವೆಂದಲ್ಲ, ದ್ರೋಣನು ತಪ್ಪು ತಿಳಿಯಲಿ ಎಂಬ ಉದ್ದೇಶದಿಂದಲೇ ಆಡಿದುದರಿಂದ.

ಪಡುವಣದಲ್ಲಿಯೂ ಇಂಥದೊಂದು ಸಂಗತಿಯುಂಟು. ಜರ್ಮನ್ ತತ್ತ್ವಜ್ಞಾನಿ ಕಾಂಟ್ ನಮ್ಮಂತೆಯೇ ಪಾಠ ಹೇಳಿ ಹೊಟ್ಟೆ ಹೊರೆದವನು. ಕೊಲೆಗಾರನು ಬಾಗಿಲಿಗೆ ಬಂದು ಕೇಳಿದರೂ ಸುಳ್ಳಾಡಬಾರದೆಂದು 1797ರ ಪ್ರಬಂಧವೊಂದರಲ್ಲಿ ವಾದಿಸಿದ ಕಠಿಣವ್ರತಿ. ಆದರೆ ಮೇಲಿನವರ ಕಾಟ ಅವನಿಗೂ ತಪ್ಪಲಿಲ್ಲ. 1794ರಲ್ಲಿ ಪ್ರಷ್ಯದ ಅರಸು ಎರಡನೆಯ ಫ್ರೆಡರಿಕ್ ವಿಲಿಯಮ್ ಆತನ ಮತವಿಚಾರದ ಬರಹಗಳಿಗಾಗಿ ಗದರಿಸಿ ಆಜ್ಞೆ ಕಳುಹಿಸಿದನು. ಇನ್ನು ಆ ವಿಷಯವನ್ನು ಎತ್ತುವುದಿಲ್ಲವೆಂದು ಕಾಂಟ್ ಅರಸನ ನಿಷ್ಠಾವಂತ ಪ್ರಜೆಯೆಂಬ ನೆಲೆಯಿಂದ ಮಾತು ಕೊಟ್ಟನು. 1797ರಲ್ಲಿ ಅರಸನು ತೀರಿಕೊಂಡನು. 1798ರಲ್ಲಿ ಕಾಂಟ್ ಮತ್ತೆ ಬರೆದನು. ಆ ಅರಸನು ಬದುಕಿರುವ ತನಕ ಮಾತ್ರ ತಾನು ಕಟ್ಟುಬೀಳುವಂತೆ ಪದಗಳನ್ನು ಆರಿಸಿದ್ದೆನೆಂದು ತಾನೇ ವಿವರಿಸಿದನು. ಈ ಜಾಣತನ ನಮಗೆ ಒಪ್ಪಿಗೆಯಾಗುವುದಿಲ್ಲ. ಅರಸನು ತಿಳಿದುಕೊಂಡುದು ಒಂದು, ಕಾಂಟನು ಮನಸ್ಸಿನಲ್ಲಿಟ್ಟುಕೊಂಡುದು ಮತ್ತೊಂದು. ರಥದ ಗಾಲಿ ಇಲ್ಲಿಯೂ ನೆಲಕ್ಕೆ ತಗಲಿತೆನ್ನಬೇಕು. ಆದರೆ ಅದೇ ಸಂದರ್ಭದಲ್ಲಿ ಅವನು ಗುರುತಿಸಿಕೊಂಡ ಒಂದು ವಿವೇಕವನ್ನು ನಾವು ಸ್ವೀಕರಿಸಬಹುದು: ಆಡುವುದೆಲ್ಲ ನಿಜವಾಗಿರಬೇಕು, ನಿಜವನ್ನೆಲ್ಲ ಆಡಲೇಬೇಕೆಂದಿಲ್ಲ.

ಇನ್ನು ಕೇಳುವವರಿಗೆ ಎಷ್ಟು ತಿಳಿಯುವ ಹಕ್ಕುಂಟು ಎಂಬುದನ್ನು ನೋಡಬೇಕು. ಈತ ನಮ್ಮಲ್ಲಿಯೂ ಜಗಳಾಡಿ ಹೋಗುವನೆ, ಪಾಠ ಮಾಡುವನೆ, ನಿಲ್ಲುವನೆ? ಇಷ್ಟು ಅವರಿಗೆ ಬೇಕು. ಇದನ್ನು ಮುಚ್ಚಿಡುವುದು ವಂಚನೆ. ಹಳೆಯ ಮುಖ್ಯೋಪಾಧ್ಯಾಯರು ಒಳ್ಳೆಯವರೋ ಕೆಟ್ಟವರೋ ಎಂಬ ತೀರ್ಪು ಅವರಿಗೆ ಬೇಕಾದುದಲ್ಲ. ತೀರ್ಪು ಕೊಡುವುದಕ್ಕೆ ಎರಡನೆಯ ಪಕ್ಷವೂ ಎದುರಿಗಿರಬೇಕಲ್ಲವೆ? ಅಂಗಳದಲ್ಲಿ ಹೊಡೆದಾಡಿಕೊಂಡ ಇಬ್ಬರು ಹುಡುಗರಲ್ಲಿ ಒಬ್ಬನ ಮಾತನ್ನಷ್ಟೇ ಕೇಳಿ ಇನ್ನೊಬ್ಬನನ್ನು ಶಿಕ್ಷಿಸುವ ಉಪಾಧ್ಯಾಯರನ್ನು ನಾವು ಮೆಚ್ಚುವುದಿಲ್ಲ.

ನಮಗೆ ಪರಿಚಿತರಾದ ಉಪಾಧ್ಯಾಯಿನಿಯೊಬ್ಬರು ಮಕ್ಕಳೆದುರಿಗೆ ಬೈಸಿಕೊಂಡು, ತಮ್ಮದಲ್ಲದ ಲೆಕ್ಕದ ಪುಸ್ತಕಗಳನ್ನೆಲ್ಲ ಬರೆದು, ರಜೆಗಾಗಿ ಪ್ರತಿ ಸಲವೂ ಮೇಜಿನ ಮುಂದೆ ಕಾದು ಕಾದು ಬೇಸತ್ತಿದ್ದರು. ಸಂದರ್ಶನದಲ್ಲಿ ಅವರು ಹೇಳಿದುದು ಇಷ್ಟು: “ವಾರದಲ್ಲಿ ಎರಡು ದಿನ ನಾನು ಲೆಕ್ಕವನ್ನೇ ಬರೆಯುತ್ತೇನೆ, ಆ ದಿನ ನನ್ನ ತರಗತಿಗೆ ಪಾಠವಿಲ್ಲ. ನನಗೆ ಪಾಠ ಮಾಡಬೇಕು.” ಮೇಲಿನವರೊಡನೆ ಮನಸ್ತಾಪವಿತ್ತೇ ಎಂದು ಒಬ್ಬರು ಕೆದಕಿದರು. “ಇತ್ತು. ಅದನ್ನು ಅವರಿಲ್ಲದ ಕಡೆ ಹೇಳಲಾರೆ” ಎಂದರು. ಮೊದಲನೆಯ ಮಾತಿಗಿಂತ ಈ ಎರಡನೆಯ ಮಾತೇ ನಮಗೆ ದೊಡ್ಡದೆನಿಸುತ್ತದೆ. “ಇಲ್ಲ” ಎಂದಿದ್ದರೆ ಸುಲಭವಾಗಿತ್ತು. ಅವರಿಗೆ ಆ ಕೆಲಸ ದೊರೆಯಲಿಲ್ಲ. ಅದಕ್ಕೆ ಈ ಉತ್ತರವೇ ಕಾರಣವೆನ್ನಲು ನಮ್ಮಲ್ಲಿ ಆಧಾರವಿಲ್ಲ. ಆದರೆ ಸತ್ಯಕ್ಕೆ ಕೂಡಲೇ ಫಲ ದೊರೆಯುವ ಕಥೆಗಳನ್ನು ಪಾಠಪುಸ್ತಕದಲ್ಲಿ ಓದಿಸುವಾಗ ಈ ಉಪಾಧ್ಯಾಯಿನಿಯ ನೆನಪಾಗದೆ ಇರುವುದಿಲ್ಲ.

ಇದಕ್ಕೊಂದು ಮೇರೆಯೂ ಉಂಟು. ಮೇಲಿನವರ ದೋಷ ಬರಿಯ ಸಿಡುಕಲ್ಲ, ಮಕ್ಕಳನ್ನು ಹಿಂಸಿಸುವುದು ಅಥವಾ ಹಣ ಕೀಳುವುದು ಎಂದಾದರೆ ಮೌನವು ಸಭ್ಯತೆಯಲ್ಲ, ಪಾಲುಗಾರಿಕೆ. ಆದರೆ ಅದನ್ನು ಹೇಳಬೇಕಾದುದು ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ, ಬರವಣಿಗೆಯಲ್ಲಿ, ಕೆಳಗೆ ಸಹಿ ಹಾಕಿ. ಸಾಧ್ಯವಾದರೆ ಇನ್ನೂ ಅಲ್ಲಿ ಇರುವಾಗಲೇ. ಅಲ್ಲಿ ಬಾಯಿ ಬಿಡದೆ, ಹೊಸ ಕೆಲಸದ ಬಾಗಿಲಲ್ಲಿ ಮಾತ್ರ ಧೈರ್ಯ ತೋರುವುದನ್ನು ನಾವು ಸತ್ಯನಿಷ್ಠೆಯ ಲೆಕ್ಕಕ್ಕೆ ಹಿಡಿಯಲಾರೆವು.

ಸಂದರ್ಶನದ ಕೊಠಡಿಯಲ್ಲಿ ಉಳಿಸಿಕೊಂಡ ಮಾತು ಯಾರಿಗೂ ಸಲ್ಲಬೇಕಾದುದಲ್ಲವೆಂದು ಇದರ ಅರ್ಥವಲ್ಲ. ನಾವು ಬಿಟ್ಟ ಕುರ್ಚಿಗೆ ಒಬ್ಬರು ಬರುತ್ತಾರೆ; ಹೆಚ್ಚಾಗಿ ಆಗತಾನೆ ತರಬೇತಿ ಮುಗಿಸಿದ, ಮನೆಯಲ್ಲಿ ಸಾಲವಿರುವ ಹುಡುಗನೋ ಹುಡುಗಿಯೋ ಆಗಿರುತ್ತಾರೆ. ಅವರು ಒಂದು ಸಂಜೆ ನಮ್ಮ ಮನೆಗೆ ಬಂದು, ಚಾ ಕುಡಿದು, ಲೋಟವನ್ನು ಕೆಳಗಿಟ್ಟು, “ಅಲ್ಲಿ ಹೇಗೆ ಮಾಸ್ತರೇ?” ಎಂದು ಕೇಳಿದರೆ, ಆ ಪ್ರಶ್ನೆ ಬೇರೆಯದು. ಕೇಳುವವರು ಆ ಮನೆಯೊಳಗೇ ಬದುಕಬೇಕಾದವರು. ಅವರಿಗೆ ಎಲ್ಲವನ್ನೂ ಹೇಳಬೇಕು: ಸಿಟ್ಟು ಬರುವ ಹೊತ್ತು ಯಾವುದು, ಯಾವ ಪುಸ್ತಕಕ್ಕೆ ಓದದೆ ಸಹಿ ಹಾಕಬಾರದು, ರಜೆಯನ್ನು ಯಾವ ದಿನ ಕೇಳಬೇಕು, ಮತ್ತು ಒಮ್ಮೆ ಮಳೆಗಾಲದಲ್ಲಿ ತೋಡು ತುಂಬಿದಾಗ ಅದೇ ಮುಖ್ಯೋಪಾಧ್ಯಾಯರು ಸಣ್ಣ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎತ್ತಿ ದಾಟಿಸಿದ್ದರೆ, ಅದನ್ನೂ.